ನಾಲ್ಕು ಗುಂಡಿಯಷ್ಟು ಹೆದರಿಕೆ

ಮಾರ್ಚ್ 1, ಶುಕ್ರವಾರ. ಮಧ್ಯಾಹ್ನ 1.20

ಊಟ ಮುಗಿಯಿತು. ಇನ್ನೂ ಹತ್ತು ನಿಮಿಷ ಇದೆ. ಬೆಳಗಿನಿಂದ ಗುಂಡಿ ತೂರಿಸುವ ಕಾಜಾ ಹದಿನಾಲ್ಕು ಹೊಲಿದೆ. ಎಲ್ಲಾ ಬಿಳಿ ಶರ್ಟಿನವು. ಬಿಳಿಯ ಮೇಲೆ ಬಿಳಿ ದಾರ ಹೇಗೋ ತಿಳಿಯುತ್ತದೆ, ಸಣ್ಣ ನೆರಳು ಬೀಳುತ್ತದೆ. ಕರಿ ಕೋಟು ಮಾತ್ರ ಮೂರು ದಿನದಿಂದ ಮೊಳೆಯಲ್ಲಿ ನೇತಾಡುತ್ತಿದೆ. ನಾಳೆ, ನಾಳೆ ಎಂದು ತಳ್ಳುತ್ತಿದ್ದೇನೆ.

ಇಲ್ಲಿ ಯಾರು ಓದುತ್ತಾರೆ, ನಿಜವನ್ನೇ ಬರೆಯುತ್ತೇನೆ. ಕರಿಯ ಮೇಲೆ ಕರಿ ದಾರ ಕಾಣುತ್ತಿಲ್ಲ. ಕನ್ನಡಕ ಬದಲಿಸಿದ್ದಾಯಿತು. ಕಣ್ಣಿನ ಡಾಕ್ಟರು ಹೇಳಿದ್ದು ಒಂದೇ ಮಾತು — ಕಣ್ಣು ಸರಿಯಿದೆ ಅಮ್ಮ, ಹಗಲು ಬೆಳಕಿನಲ್ಲಿ ಕೂತು ಹೊಲಿಯಿರಿ. ಹೇಳುವುದು ಸುಲಭ. ನಾನು ಕೂತಿರುವುದು ಅಂಗಡಿಯ ಹಿಂದಿನ ಮೂಲೆ, ಟ್ಯೂಬ್‌ಲೈಟಿನ ಕೆಳಗೆ. ಅದಕ್ಕೂ ವಯಸ್ಸಾಗಿದೆ, ನನಗಿಂತ ಹೆಚ್ಚು ಕಣ್ಣು ಮಿಟುಕಿಸುತ್ತದೆ.

ಹೋದ ತಿಂಗಳು ಒಂದು ಕೋಟಿನ ಕಾಜಾ ಸೊಟ್ಟಗಾಯಿತು. ಅಂಗಡಿಯ ಯಜಮಾನರು, ನಮ್ಮ ಮೇಸ್ತ್ರಿ, ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸುಮ್ಮನೆ ಮಡಚಿ, ಮಿಷನ್ನಿನಲ್ಲಿ ಕಾಜಾ ಹೊಡೆಯುವ ಪಕ್ಕದ ಬೀದಿಯ ಅಂಗಡಿಗೆ ಕಳಿಸಿದರು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ. ಇನ್ನೊಂದೆರಡು ಹೀಗೆ ಆದರೆ ಕೋಟುಗಳೆಲ್ಲ ಅಲ್ಲಿಗೇ. ನನಗೆ ಪ್ಯಾಂಟಿನ ಕಾಲಂಚು ಮಡಚುವ ಕೆಲಸ. ಅದನ್ನು ಕಣ್ಣಿಲ್ಲದವರೂ ಮಾಡುತ್ತಾರೆ.

ಈ ವರ್ಷ ಕಿಟಕಿ ಬೇಕು. ಬೇಕೇ ಬೇಕು.

ಮಾರ್ಚ್ 2, ಶನಿವಾರ. ಸಂಜೆ

ನಾಳೆ ಆಟ ಶುರು.

ಈ ಅಂಗಡಿಯಲ್ಲಿ ಕಿಟಕಿ ಒಂದೇ. ಅದರ ಪಕ್ಕ ಒಬ್ಬರಿಗಷ್ಟೇ ಜಾಗ. ಮೇಸ್ತ್ರಿಯ ಅಪ್ಪ ಒಮ್ಮೆ ತಾವೇ ಒಬ್ಬರಿಗೆ ಕೊಟ್ಟರಂತೆ, ಇನ್ನೊಬ್ಬರು ಕತ್ತರಿ ಎಸೆದು ಕೆಲಸ ಬಿಟ್ಟು ಹೋದರಂತೆ. ಅಲ್ಲಿಂದ ಎಲೆಯಾಟ. ಪ್ರತಿ ಮಾರ್ಚ್‌ನಲ್ಲಿ ನಾಲ್ಕು ಭಾನುವಾರ, ಮಧ್ಯಾಹ್ನ, ಕತ್ತರಿಸುವ ಮೇಜಿನ ಮೇಲೆ. ಹಣ ಇಲ್ಲ. ಗುಂಡಿ. ಎಲ್ಲರಿಗೂ ಒಂದೇ ಅಳತೆಯ ಡಬ್ಬಿ ತುಂಬ ಶರ್ಟಿನ ಗುಂಡಿ. ನಾಲ್ಕನೇ ಭಾನುವಾರ ಯಾರ ಡಬ್ಬಿಯಲ್ಲಿ ಹೆಚ್ಚೋ, ವರ್ಷವಿಡೀ ಅವರಿಗೆ ಕಿಟಕಿ.

ಆಟದ ಹೆಸರು ಪೋಕರ್. ಮೇಸ್ತ್ರಿ ಹಡಗಿನಲ್ಲಿ ದರ್ಜಿಯಾಗಿದ್ದಾಗ ಕಲಿತದ್ದು. ಕೈಗೆ ಎರಡೆರಡು ಎಲೆ, ಮುಚ್ಚಿ. ನಡುವೆ ಮೂರು ಎಲೆ ತೆರೆದು, ಆಮೇಲೆ ಒಂದು, ಆಮೇಲೆ ಇನ್ನೊಂದು. ಪ್ರತಿ ಹಂತದಲ್ಲೂ ಪಣ. ಎಲ್ಲ ಸೇರಿಸಿ ಯಾರದು ದೊಡ್ಡ ಜೋಡಣೆಯೋ ರಾಶಿ ಅವರದು. ಮೊದಲ ವರ್ಷ ಯಾರೋ ಒಬ್ಬ ಮೊದಲ ಕೈಗೇ ಇಡೀ ಡಬ್ಬಿ ನಡುವೆ ಸುರಿದನಂತೆ. ಅರ್ಧ ಗಂಟೆಯಲ್ಲಿ ಕಿಟಕಿ ತೀರ್ಮಾನ. ಮೇಸ್ತ್ರಿಗೆ ಕೋಪ ಬಂದು ಮಿತಿ ಹಾಕಿದರು. ಮೊದಲೆರಡು ಹಂತದಲ್ಲಿ ಪಣ ಎರಡು ಗುಂಡಿ, ಕೊನೆಯೆರಡರಲ್ಲಿ ನಾಲ್ಕು. ಏರಿಸುವುದಿದ್ದರೂ ಅಷ್ಟಷ್ಟೇ, ಒಂದು ಹಂತಕ್ಕೆ ಮೂರೇ ಸಲ. ಕಿಟಕಿ ಒಂದು ವರ್ಷದ್ದು, ಒಂದು ಗಳಿಗೆಯ ಹುಂಬತನಕ್ಕೆ ಕೊಡುವುದಿಲ್ಲ ಎಂದರು.

ಆಡುವವರು ಮೂವರು. ನಾನು. ಕಾಲರಮ್ಮ — ಶರ್ಟಿನ ಕಾಲರ್ ಹೊಲಿಯುತ್ತಾಳೆ, ಬಾಯಿಗೆ ಮಾತ್ರ ಹೊಲಿಗೆ ಇಲ್ಲ. ಮತ್ತೆ ಗುಡುಗು. ಪ್ಯಾಂಟ್ ಹೊಲಿಯುವವನು, ಮೂರು ವರ್ಷದಿಂದ ಕಿಟಕಿ ಅವನದೇ. ನೇರ ಹೊಲಿಗೆ, ಕಣ್ಣು ಮುಚ್ಚಿ ಹೊಲಿಯಬಲ್ಲ. ಕಿಟಕಿ ಬೇಕಾಗಿರುವುದು ಬೀದಿ ನೋಡಲಿಕ್ಕೆ. ಒಳ್ಳೆಯ ಮನುಷ್ಯ, ಆದರೆ ಎಲೆ ಹಿಡಿದರೆ ಮೈಮೇಲೆ ಬಂದ ಹಾಗೆ. ಯಾವ ಎಲೆ ಬಂದರೂ ಏರಿಸುವುದು, ಗುಂಡಿಯನ್ನು ಮೇಜಿಗೆ ಬಡಿಯುವುದು.

ನಾನು ಇಷ್ಟು ವರ್ಷ ಆಡಿ ಒಮ್ಮೆಯೂ ಗೆದ್ದಿಲ್ಲ. ಹೆಸರಿಗೆ ಕೂರುತ್ತಿದ್ದೆ.

ಮಾರ್ಚ್ 3, ಭಾನುವಾರ. ಸಂಜೆ 6

ಹೊಟ್ಟೆ ಉರಿಯುತ್ತಿದೆ. ಬರೆದರೆ ತಣ್ಣಗಾದೀತು.

ಐದನೇ ಕೈಗೆ ಎರಡು ರಾಣಿ ಬಂದವು. ಕೈಗೆ ಬಂದ ಕೂಡಲೇ ಜೋಡಿ, ಅದೂ ದೊಡ್ಡದು. ಎರಡು ಗುಂಡಿ ಇಟ್ಟೆ. ಕಾಲರಮ್ಮ ಪ್ಯಾಕ್, ಎಲೆ ಕೆಳಗಿಟ್ಟು ಆ ಕೈ ಬಿಟ್ಟಳು. ಗುಡುಗು ನಾಲ್ಕಕ್ಕೆ ಏರಿಸಿದ, ಮೇಜು ಅದುರಿತು. ಇನ್ನೆರಡು ಕೊಟ್ಟೆ. ನಡುವೆ ತೆರೆದ ಮೂರು — ರಾಜ, ಏಳು, ಮೂರು. ರಾಜ ನನ್ನ ರಾಣಿಗಿಂತ ದೊಡ್ಡದು. ಅವನ ಕೈಯಲ್ಲಿ ಇನ್ನೊಂದು ರಾಜ ಇದ್ದರೆ? ಪಣ ಇಡದೆ, ಮೇಜು ತಟ್ಟಿ ಸರದಿ ದಾಟಿಸಿದೆ. ಅವನು ಮತ್ತೆರಡು ಬಡಿದ.

ಪ್ಯಾಕ್ ಮಾಡಿಬಿಟ್ಟೆ.

ಅವನು ತನ್ನ ಎಲೆ ತಿರುವಿ ತೋರಿಸಿದ. ತೋರಿಸಬೇಕಾದ್ದಿಲ್ಲ, ಆದರೂ ತೋರಿಸಿದ. ಒಂಬತ್ತು, ಎಂಟು. ಏನೇನೂ ಇಲ್ಲ. "ಅಕ್ಕಾ, ನೀವು ಇದ್ರೆ ನನಗೆ ಎಲೆನೇ ಬೇಡ ನೋಡಿ, ಕೆಮ್ಮಿದ್ರೆ ಸಾಕು," ಎಂದ. ಕಾಲರಮ್ಮ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ನಾನೂ ನಕ್ಕೆ. ಬೇರೆ ಏನು ಮಾಡುವುದು.

ಮನೆಗೆ ಬಂದು ಇವರಿಗೆ ಹೇಳಿದೆ. ಇವರು ಸ್ಕೂಲ್ ಬಸ್ ಓಡಿಸುವವರು, ಏರಿದ ದನಿಯಲ್ಲಿ ಮಾತಾಡಿ ಗೊತ್ತಿಲ್ಲ. ಪೂರ್ತಿ ಕೇಳಿ, ಕಾಫಿ ಲೋಟ ಸರಿಸಿ ಕೇಳಿದ್ದು ಇಷ್ಟೇ. "ಹಿಂದಿನವನು ಹಾರನ್ ಹೊಡೆದ ಅಂತ ನೀನು ಬಸ್ಸನ್ನ ಚರಂಡಿಗೆ ಇಳಿಸ್ತೀಯಾ?"

ಎದ್ದು ಪಾತ್ರೆ ತೊಳೆದೆ.

ಮಾರ್ಚ್ 5, ಮಂಗಳವಾರ. ಬೆಳಿಗ್ಗೆ 8.30

ಯೋಚಿಸಿದೆ. ನನ್ನ ಪುಕ್ಕಲುತನ ಹುಟ್ಟಿನಿಂದ ಬಂದದ್ದಲ್ಲ, ಕೆಲಸದಿಂದ ಬಂದದ್ದು.

ಹೊಲಿಗೆ ತಪ್ಪಿದರೆ ಬಿಚ್ಚಬಹುದು. ಕಾಜಾ ಹಾಗಲ್ಲ. ಬಟ್ಟೆಗೆ ಒಮ್ಮೆ ಕತ್ತರಿ ಹಾಕಿದರೆ ಮುಗಿಯಿತು, ಕೂದಲೆಳೆ ಆಚೀಚೆಯಾದರೂ ಇಡೀ ಕೋಟು ಹಾಳು. ಅದಕ್ಕೇ ಸ್ವಲ್ಪ ಅನುಮಾನ ಬಂದರೂ ಕತ್ತರಿ ಕೆಳಗಿಡುತ್ತೇನೆ. ಇಪ್ಪತ್ತೆರಡು ವರ್ಷ ಈ ಕೈಗೆ ಕಲಿಸಿದ್ದು ಅದೊಂದೇ — ಅನುಮಾನವೇ? ಬಿಡು. ಎಲೆ ಹಿಡಿದಾಗಲೂ ಕೈ ಅದನ್ನೇ ಮಾಡುತ್ತದೆ.

ಆದರೆ ಎಲೆಯಲ್ಲಿ ಬಟ್ಟೆ ಹಾಳಾಗುವುದಿಲ್ಲವಲ್ಲ. ಹೋದರೆ ಎರಡು ಗುಂಡಿ.

ಇವರು ನಿನ್ನೆ ರಾತ್ರಿ ಅಡುಗೆಯ ಹೊತ್ತಿನಲ್ಲಿ ಗುಡುಗಿನ ಪಾತ್ರ ಮಾಡುತ್ತೇನೆಂದು ಎದುರು ಕೂತರು, ಅಭ್ಯಾಸಕ್ಕೆ. ಏರಿಸುವಾಗ ಮೇಜು ಬಡಿಯಬೇಕು ಎಂದೆ. ಬಡಿದರು. ಬಡಿದು, ಲೋಟ ಬಿತ್ತಾ ಎಂದು ಬಗ್ಗಿ ನೋಡಿದರು. ಇಂಥ ಗುಡುಗಿಗೆ ಯಾರು ಹೆದರುತ್ತಾರೆ.

ಮಾರ್ಚ್ 10, ಭಾನುವಾರ. ಸಂಜೆ 6.15

ಎರಡು ಗುಲಾಮ ಬಂದವು. ಈ ಸಲ ಬಿಡಲಿಲ್ಲ. ನಡುವೆ ಎಂಟು, ಐದು, ಎರಡು — ಎಲ್ಲ ನನ್ನ ಜೋಡಿಗಿಂತ ಚಿಕ್ಕವು. ಇಟ್ಟೆ. ಏರಿಸಿದ. ಕೊಟ್ಟೆ. ನಾಲ್ಕನೆಯ ಎಲೆಗೆ ಬಡಿದ. ಕೊಟ್ಟೆ. ಐದನೆಯದಕ್ಕೂ ಬಡಿದ. ಕೊಟ್ಟೆ. ಬೆನ್ನು ನೆಟ್ಟಗೆ ಮಾಡಿ, ತೋರಿಸಪ್ಪ ಎಂದೆ.

ತೋರಿಸಿದ. ಅವನ ಕೈಯಲ್ಲಿ ಎರಡು ಎಂಟು. ನಡುವಿನದೂ ಸೇರಿ ಮೂರು ಎಂಟು.

ಇಡೀ ರಾಶಿ ಅವನ ಕಡೆಗೆ ಹೋಯಿತು. ಕಾಲರಮ್ಮನ ಬಾಯಿಗೆ ಹಬ್ಬ. ಇಷ್ಟು ವರ್ಷ ನೀನು ಹೆದರಿಕೊಂಡು ಸೋಲುತ್ತಿದ್ದೆ, ಈಗ ಧೈರ್ಯವಾಗಿ ಸೋಲುತ್ತಿದ್ದೀಯ, ಅಷ್ಟೇ ವ್ಯತ್ಯಾಸ ಅಕ್ಕ ಎಂದಳು.

ಸಾಕು. ಮುಂದಿನ ವಾರ ತಲೆನೋವೆಂದು ಹೇಳಿಬಿಡುತ್ತೇನೆ.

ಮಾರ್ಚ್ 14, ಗುರುವಾರ. ಮಧ್ಯಾಹ್ನ

ನಾಲ್ಕು ದಿನ ಬರೆಯಲಿಲ್ಲ. ಮನಸ್ಸಿರಲಿಲ್ಲ. ಕರಿ ಕೋಟನ್ನು ಮಂಗಳವಾರ ಮೇಸ್ತ್ರಿಯೇ ಮೊಳೆಯಿಂದ ತೆಗೆದುಕೊಂಡರು. ಪಕ್ಕದ ಬೀದಿಯ ಅಂಗಡಿಗೇ ಇರಬೇಕು.

ಇವತ್ತು ಕಾಜಾ ಹೊಲಿಯುತ್ತಾ ಹೊಲಿಯುತ್ತಾ ಅಜ್ಜಿಯ ಕಥೆಯೊಂದು ನೆನಪಾಯಿತು. ಊರಿನಲ್ಲಿ ಸಂಜೆ ಜಗುಲಿಯ ಮೇಲೆ ಹೇಳುತ್ತಿದ್ದಳು, ನಾವು ಹೂಂಗುಟ್ಟದಿದ್ದರೆ ನಿಲ್ಲಿಸಿಬಿಡುತ್ತಿದ್ದಳು.

ಒಂದೂರಿನ ದಾರಿಯಲ್ಲಿ ಒಂದು ನಾಯಿಯಂತೆ. ಕೋಣದಷ್ಟು ಗಾತ್ರ, ಬೊಗಳಿದರೆ ಹೆಂಚು ಉದುರಬೇಕು. ಅದನ್ನು ಸರಪಳಿಯಲ್ಲಿ ಕಟ್ಟಿದ್ದರಂತೆ. ಒಬ್ಬ ಎಣ್ಣೆ ಮಾರುವವನು ಅದಕ್ಕೆ ಹೆದರಿ ದಿನಾ ಗುಡ್ಡ ಸುತ್ತಿ ಹೋಗುತ್ತಿದ್ದನಂತೆ. ಕಾಲು ಸವೆಯಿತು, ಎಣ್ಣೆ ಚೆಲ್ಲಿತು, ಸಂತೆ ತಪ್ಪಿತು. ಇನ್ನೊಬ್ಬಳು ಮಡಕೆ ಮಾರುವವಳು. ಅವಳಿಗೂ ಹೆದರಿಕೆಯೇ. ಆದರೆ ಒಂದು ದಿನ ಮರದ ಹಿಂದೆ ನಿಂತು ಸರಪಳಿ ಎಷ್ಟುದ್ದ ಎಂದು ನೋಡಿದಳಂತೆ. ಐದು ಹೆಜ್ಜೆ. ಮಾರನೇ ದಿನದಿಂದ ಆರನೇ ಹೆಜ್ಜೆಯಲ್ಲಿ ನಡೆದು ಹೋದಳಂತೆ. ನಾಯಿ ಬೊಗಳುತ್ತಲೇ ಇತ್ತು. ಒಮ್ಮೆ ಸೆರಗಿನ ತುದಿ ಸಿಕ್ಕು ಹರಿಯಿತಂತೆ. ಆಗ ಮಡಕೆಯವಳು ಏನು ಮಾಡಿದಳು ಎಂದು ಅಜ್ಜಿ ನಮ್ಮನ್ನು ಕೇಳುತ್ತಿದ್ದಳು. ಗುಡ್ಡ ಸುತ್ತಲು ಹೋದಳು ಎನ್ನುತ್ತಿದ್ದೆವು. "ಯಾಕೆ? ಹರಿದದ್ದು ಸೆರಗು ತಾನೇ, ಕಾಲೇನು ಅಲ್ಲವಲ್ಲ?" ಎನ್ನುತ್ತಿದ್ದಳು ಅಜ್ಜಿ.

ಸೂಜಿ ಹಾಗೇ ನಿಂತಿತು ನನ್ನ ಕೈಯಲ್ಲಿ.

ಮೇಸ್ತ್ರಿ ಹಾಕಿದ ಮಿತಿ ಸರಪಳಿ. ಗುಡುಗು ಎಷ್ಟೇ ಬಡಿಯಲಿ, ಒಂದು ಸಲಕ್ಕೆ ನಾಲ್ಕಕ್ಕಿಂತ ಹೆಚ್ಚು ಬಡಿಯಲಾರ. ಗುಲಾಮಗಳಲ್ಲಿ ಹೋದದ್ದು ಒಂದು ಹಿಡಿ ಗುಂಡಿ. ಡಬ್ಬಿ ಇನ್ನೂ ಅರ್ಧಕ್ಕಿಂತ ಮೇಲಿದೆ. ರಾಣಿಗಳಲ್ಲಿ ಹೆದರಿ ಬಿಟ್ಟದ್ದು ಒಂದಿಡೀ ರಾಶಿ. ಹಾಗೆ ಎಷ್ಟು ವರ್ಷ, ಎಷ್ಟು ರಾಶಿ ಬಿಟ್ಟಿದ್ದೇನೋ.

ಮೂರು ಎಂಟು ಅವನಿಗೆ ದಿನಾ ಬರುವುದಿಲ್ಲ. ಬಡಿತ ಮಾತ್ರ ದಿನಾ ಬರುತ್ತದೆ.

ತಲೆನೋವಿಲ್ಲ. ಭಾನುವಾರ ಹೋಗುತ್ತೇನೆ.

ಮಾರ್ಚ್ 17, ಭಾನುವಾರ. ಸಂಜೆ

ದೊಡ್ಡದೇನೂ ಆಗಲಿಲ್ಲ. ಕೆಟ್ಟ ಎಲೆ ಬಂದರೆ ಮೊದಲೇ ಪ್ಯಾಕ್, ಬೇಸರವಿಲ್ಲದೆ. ಒಮ್ಮೆ ಎರಡು ಹತ್ತು ಬಂದವು. ಅವನು ಏರಿಸಿದ, ನಾನು ಮತ್ತೆ ಏರಿಸಿದೆ. ಮೂರು ಎಲೆ ತೆರೆಯುವ ಮುಂಚೆಯೇ. ಅವನ ಕೈ ಗಾಳಿಯಲ್ಲೇ ನಿಂತಿತು. ನಾನು ಏರಿಸಿದ್ದನ್ನು ಅವನು ಇದುವರೆಗೆ ಕಂಡೇ ಇರಲಿಲ್ಲ. ಕೊನೆಯವರೆಗೂ ಬಂದ, ಸೋತ, ತಲೆ ಕೆರೆದುಕೊಂಡ.

ಈಗ ಅವನು ಮುಂದೆ, ಆದರೆ ಕೈಗೆಟುಕುವಷ್ಟೇ ಮುಂದೆ. ಕಾಲರಮ್ಮನ ಡಬ್ಬಿ ತಳ ಕಾಣುತ್ತಿದೆ. ಅವಳಿಗೆ ಚಿಂತೆಯಿಲ್ಲ, ಕಿಟಕಿ ಪಕ್ಕ ಕೂತರೆ ಮುಖ ಕಪ್ಪಾಗುತ್ತದಂತೆ.

ಮಾರ್ಚ್ 21, ಗುರುವಾರ. ಬೆಳಿಗ್ಗೆ

ಮೇಸ್ತ್ರಿ ಹತ್ತಿರ ಬಂದು ನಿಂತರು. ಮುಂದಿನ ವಾರ ಎರಡು ಕೋಟು ಬರುತ್ತವೆ ಎಂದರು. ಎರಡೂ ಕಪ್ಪು. ಏನು ಮಾಡೋಣ ಅಮ್ಮ ಎಂದು ಕೇಳಿದರು. ಮೆತ್ತಗೆ ಕೇಳಿದರು, ಅದೇ ಚುಚ್ಚಿತು. ಸೋಮವಾರ ಹೇಳುತ್ತೇನೆ ಎಂದೆ.

ಮಾರ್ಚ್ 24, ಭಾನುವಾರ. ಸಂಜೆ 5.40

ಒಂದೂ ಬಿಡದೆ ಬರೆದಿಡಬೇಕು.

ಇನ್ನು ಮೂರೇ ಕೈ ಎಂದು ಮೇಸ್ತ್ರಿ ಹೇಳಿದಾಗ ಗುಡುಗು ನನಗಿಂತ ಹದಿನೈದು ಗುಂಡಿ ಮುಂದಿದ್ದ. ಎಲೆ ಹಂಚಿದರು. ಮೂಲೆ ಎತ್ತಿ ನೋಡಿದೆ. ರಾಜ. ಇನ್ನೊಂದು ಮೂಲೆ ಎತ್ತಿದೆ. ಅದೂ ರಾಜ.

ಮುಖ ಕಲ್ಲು ಮಾಡಿಕೊಂಡೆ. ಎರಡು ಇಟ್ಟೆ. ಕಾಲರಮ್ಮ ಪ್ಯಾಕ್ ಮಾಡಿ ನೀರು ಕುಡಿಯಲು ಎದ್ದಳು. ಗುಡುಗು ನಾಲ್ಕು ಮಾಡಿದ. ನಾನು ಆರು. ಅವನು ಎಂಟು, ಮೇಜು ಬಡಿದು. ಮೂರು ಸಲ ಮುಗಿಯಿತು, ಇನ್ನು ಏರಿಸುವ ಹಾಗಿಲ್ಲ. ಕೊಟ್ಟೆ.

ಮೂರು ಎಲೆ ತೆರೆದರು. ಎಕ್ಕ. ಒಂಬತ್ತು. ನಾಲ್ಕು.

ಎಕ್ಕ.

ರಾಜನ ಮೇಲಿರುವುದು ಅದೊಂದೇ. ಐವತ್ತೆರಡು ಎಲೆಯಲ್ಲಿ ಅದೇ ಬರಬೇಕಾಗಿತ್ತೇ? ಆದರೂ ಎರಡು ಇಟ್ಟೆ. ಅವನು ಕೂಡಲೇ ನಾಲ್ಕು ಮಾಡಿದ. ಅವನ ಕೈಯಲ್ಲೊಂದು ಎಕ್ಕ ಇದ್ದರೆ ನನ್ನ ಇಬ್ಬರು ರಾಜರೂ ಬಾಗಿಲ ಕಾವಲಿಗೂ ಲಾಯಕ್ಕಿಲ್ಲ. ಬೆರಳು ತಾನಾಗಿ ಎಲೆಯ ಕಡೆ ಹೋಯಿತು, ಕೆಳಗಿಡಲು. ಅದೇ ಹಳೆಯ ಕೈ. ಕತ್ತರಿ ಕೆಳಗಿಡುವ ಕೈ. ನೀರಿನ ಲೋಟ ಹಿಡಿದು ಬಂದ ಕಾಲರಮ್ಮ ನನ್ನ ಭುಜದ ಮೇಲೆ ಬಗ್ಗಿ, "ಎಕ್ಕ ಬಂತಲ್ಲ ಅಕ್ಕ, ಬಿಟ್ಬಿಡು, ಮರ್ಯಾದೆ ಉಳಿಯುತ್ತೆ," ಎಂದು ಪಿಸುಗುಟ್ಟಿದಳು. ಆಡದವರು ಮಾತಾಡಬಾರದು ಎಂದು ಮೇಸ್ತ್ರಿ ಗದರಿದರು.

ರಾಶಿ ನೋಡಿದೆ. ನಡುವೆ ಅಂಗೈಯಲ್ಲಿ ಹಿಡಿಯದಷ್ಟು ಗುಂಡಿ. ನೋಡಲು ಬೇಕಾದದ್ದು ಇನ್ನು ಎರಡು. ಕೊಟ್ಟೆ.

ನಾಲ್ಕನೆಯ ಎಲೆ, ಆರು. ಮೇಜು ತಟ್ಟಿದೆ. ಅವನು ನಾಲ್ಕು ಬಡಿದ. ಹೋದ ಭಾನುವಾರದ ಹಿಂದಿನ ಭಾನುವಾರ ಹೀಗೇ ಕೊಡುತ್ತಾ ಕೊಡುತ್ತಾ ಹೋಗಿ ನಗೆಪಾಟಲಾಗಿದ್ದೆ. ಗೊತ್ತಿತ್ತು. ಗೊತ್ತಿದ್ದೇ ಕೊಟ್ಟೆ. ಒಮ್ಮೆ ಸುಟ್ಟ ಕೈಯನ್ನು ಮತ್ತೆ ಒಲೆಯ ಹತ್ತಿರ ಒಯ್ಯುವುದಿದೆಯಲ್ಲ, ಅದು ಮೊದಲ ಸಲಕ್ಕಿಂತ ಕಷ್ಟ.

ಐದನೆಯದು, ಎರಡು. ಮೇಜು ತಟ್ಟಿದೆ. ಗುಡುಗು ಈ ಸಲ ಬಡಿಯಲಿಲ್ಲ. ನಾಲ್ಕು ಗುಂಡಿಯನ್ನು ಒಂದೊಂದಾಗಿ, ಸಾಲಾಗಿ ಇಟ್ಟ. ನನ್ನನ್ನೇ ನೋಡುತ್ತಾ. ಅದು ಬಡಿತಕ್ಕಿಂತ ಜೋರಾಗಿ ಕೇಳಿಸಿತು.

ನಾನೂ ಸಾಲಾಗಿಯೇ ಇಟ್ಟೆ. ಒಂದು. ಎರಡು. ಮೂರು. ನಾಲ್ಕು.

ಅವನು ಎಲೆ ತಿರುವಲಿಲ್ಲ. ತೋರಿಸಪ್ಪ ಎಂದು ಮೇಸ್ತ್ರಿಯೇ ಹೇಳಬೇಕಾಯಿತು. ಹತ್ತು, ಒಂಬತ್ತು. ನಡುವಿನ ಒಂಬತ್ತು ಸೇರಿ ಒಂಬತ್ತರ ಜೋಡಿ. ಎಕ್ಕ ಇಲ್ಲ.

ನನ್ನ ರಾಜರನ್ನು ಪಕ್ಕಪಕ್ಕದಲ್ಲಿ ಇಟ್ಟೆ. ಕಾಲರಮ್ಮ ಸುಮ್ಮನಿದ್ದದ್ದನ್ನು ಈ ಅಂಗಡಿ ಇವತ್ತೇ ಮೊದಲು ನೋಡಿದ್ದು.

ಉಳಿದ ಎರಡು ಕೈಗೆ ಕಸ ಬಂತು. ಸಂತೋಷವಾಗಿ ಪ್ಯಾಕ್ ಮಾಡಿದೆ. ಡಬ್ಬಿಗಳನ್ನು ಪಕ್ಕಪಕ್ಕ ಇಟ್ಟು ಎಣಿಸುವ ಅಗತ್ಯವೂ ಬೀಳಲಿಲ್ಲ.

ಗುಡುಗು ಆಮೇಲೆ ತಾನೇ ಎದ್ದು ಕಿಟಕಿಯ ಹತ್ತಿರದಿಂದ ತನ್ನ ಮಿಷನ್ ಎಳೆಯತೊಡಗಿದ. ನಾನು ಇನ್ನೊಂದು ಕಡೆ ಹಿಡಿದೆ. ಹಿಂದಿನ ಮೂಲೆಗೆ ಒಯ್ದು ಇಳಿಸಿ, ಟ್ಯೂಬ್‌ಲೈಟ್ ನೋಡಿ ಕೇಳಿದ.

"ನಿಜ ಹೇಳಿ ಅಕ್ಕಾ, ನನ್ ಹತ್ರ ಎಕ್ಕ ಇಲ್ಲ ಅಂತ ಹೆಂಗೆ ಗೊತ್ತಾಯ್ತು?"

"ಗೊತ್ತಿರಲಿಲ್ಲ ಕಣಪ್ಪ. ಇದೆ ಅಂತಾನೇ ಅಂದ್ಕೊಂಡಿದ್ದೆ."

"ಮತ್ತೆ ಹೆದರಲಿಲ್ವಾ?"

"ಹೆದರಿದೆ. ನಾಲ್ಕು ಗುಂಡಿಯಷ್ಟು."

ಅವನು ನಕ್ಕ. ಸೋತವನ ನಗುವಲ್ಲ, ಒಳ್ಳೆಯ ಎಲೆ ಕಂಡವನ ನಗು. ಮುಂದಿನ ವರ್ಷ ನೋಡಿಕೊಳ್ಳುತ್ತೇನೆ ಎಂದ. ನೋಡಿಕೋ ಎಂದೆ.

ಇವರಿಗೆ ಹೇಳಿದೆ. ಭಾನುವಾರದ ಬಸ್ ತೊಳೆಯುವ ಕೆಲಸ ಮುಗಿಸಿ ಬಂದು ಬಾಗಿಲಲ್ಲೇ ಕೇಳಿದರು, ಚಪ್ಪಲಿ ಬಿಡುವುದನ್ನೂ ಮರೆತು. ಎಕ್ಕ ಬಂತು ಎಂದಾಗ ಇವರ ಮುಖ ನೋಡಬೇಕಿತ್ತು. ಎರಡು ಸಲ ಹೇಳಿಸಿಕೊಂಡರು. ಈಗ ಒಳಗೆ ಫೋನಿನಲ್ಲಿ ತಮ್ಮ ಅಕ್ಕನಿಗೆ ಹೇಳುತ್ತಿದ್ದಾರೆ, ಅರ್ಧ ತಪ್ಪು ತಪ್ಪಾಗಿ. ರಾಜರು ಮೂವರಾಗಿದ್ದಾರೆ ಅಲ್ಲಿ. ತಿದ್ದಲು ಹೋಗುವುದಿಲ್ಲ.

ಗೆದ್ದದ್ದಕ್ಕೆ ಹೆಮ್ಮೆಯೇ. ಸುಳ್ಳು ಯಾಕೆ. ಆದರೆ ಅದಕ್ಕಿಂತ ಹೆಚ್ಚು ಹೆಮ್ಮೆ ಆ ನಾಲ್ಕು ಗುಂಡಿಯದು. ಅವನ ಕೈಯಲ್ಲಿ ಎಕ್ಕ ಇದ್ದಿದ್ದರೂ ಆ ನಾಲ್ಕು ಗುಂಡಿ ಸರಿಯೇ. ನಾಳೆ ಹಿಂದಿನ ಮೂಲೆಯಲ್ಲೇ ಕೂತಿದ್ದರೂ, ಕಾಲಂಚು ಮಡಚುತ್ತಿದ್ದರೂ, ಸರಿಯೇ. ಇದನ್ನು ಯಾರಿಗೂ ಹೇಳಲು ಬರುವುದಿಲ್ಲ, ಹೇಳಿದರೆ ಗೆದ್ದವಳ ಜಂಬ ಎನ್ನುತ್ತಾರೆ. ಇಲ್ಲಿ ಬರೆದೆ, ಸಾಕು.

ಮಾರ್ಚ್ 25, ಸೋಮವಾರ. ಬೆಳಿಗ್ಗೆ 8.10

ಎಲ್ಲರಿಗಿಂತ ಮೊದಲು ಬಂದೆ. ಮೇಸ್ತ್ರಿ ಬಾಗಿಲು ತೆಗೆದು, ಎರಡು ಕೋಟನ್ನೂ ತಂದು ನನ್ನ ಮಡಿಲಿಗೆ ಹಾಕಿದರು. ಹಾಕಿ, ಕೈ ತೆಗೆಯದೆ ಒಂದು ಗಳಿಗೆ ನಿಂತರು. ಸೋಮವಾರ ಹೇಳುತ್ತೇನೆ ಎಂದಿದ್ದಿರಿ ಎಂದರು. ನಾನು ಕೋಟನ್ನು ನನ್ನ ಕಡೆಗೆ ಎಳೆದುಕೊಂಡೆ, ಅಷ್ಟೇ.

ಬಿಸಿಲು ಮೊಣಕಾಲಿನವರೆಗೆ ಬಂದಿದೆ. ಬಟ್ಟೆಯ ನೇಯ್ಗೆ ಎಳೆ ಎಳೆಯಾಗಿ ಕಾಣುತ್ತಿದೆ. ಕಪ್ಪಿನಲ್ಲಿ ಇಷ್ಟು ಬಗೆಯ ಕಪ್ಪು ಇದೆ ಎಂದು ಮರೆತೇ ಹೋಗಿತ್ತು. ಒಂದು ಕಾಜಾ ಆಗಲೇ ಮುಗಿಸಿದೆ. ಕಣ್ಣಿಗೆ ಹತ್ತಿರ ಹಿಡಿದು ನೋಡಿದೆ, ದೂರ ಹಿಡಿದು ನೋಡಿದೆ. ಚೆನ್ನಾಗಿದೆ. ತುಂಬಾ ಚೆನ್ನಾಗಿದೆ.

ಹೊರಗೆ ಯಾರೋ ಹೆಂಗಸು ನಿಂತಿದ್ದಾಳೆ, ಗಾಜಿನ ಆಚೆ, ಕೈಯಲ್ಲಿ ಚೀಲ. ನಾನು ಹೊಲಿಯುವುದನ್ನು ನೋಡುತ್ತಿದ್ದಳು, ಬರೆಯಲು ಕೂತದ್ದು ಅವಳಿಗೆ ಬೇಸರವಾದ ಹಾಗಿದೆ. ಹೋಗುತ್ತಲೂ ಇಲ್ಲ. ಇಪ್ಪತ್ತೆರಡು ವರ್ಷದಲ್ಲಿ ನನ್ನ ಕೈ ಕೆಲಸ ಮಾಡುವುದನ್ನು ಬೀದಿಯಲ್ಲಿ ಹೋಗುವವರು ಯಾರೂ ಕಂಡಿಲ್ಲ. ಸರಿ ತಾಯಿ, ನೋಡುವುದಾದರೆ ನೋಡು. ಎರಡನೆಯದಕ್ಕೆ ಗುರುತು ಹಾಕಿದ್ದೇನೆ, ಇನ್ನು ಕತ್ತರಿ ಎತ್ತಿ ಒಂದೇ ಸಲಕ್ಕೆ —